ಒಂದು ಸೇವೆ, ಹಲವು ಬಾಗಿಲು

ಸಂಬಳ ಕೈಸೇರಿದೊಡನೆ ಊರಿಗೆ ಹಣ ಕಳುಹಿಸುವ ಚಿಂತೆ ನಮ್ಮ ಹೋಟೆಲ್ ನೌಕರರಿಗೂ ಗುಮಾಸ್ತರಿಗೂ ಹೊಸತಲ್ಲ. ಮನಿಯಾರ್ಡರ್ ಫಾರಮು ಹಿಡಿದು ಅಂಚೆ ಕಚೇರಿಯ ಸಾಲಿನಲ್ಲಿ ನಿಲ್ಲುತ್ತಿದ್ದ ಕಾಲ ಕಳೆಯಿತು. 2016ರಲ್ಲಿ ಆರಂಭವಾದ ಯುಪಿಐ ಆ ಕಾರ್ಯವನ್ನು ಕ್ಷಣಮಾತ್ರದಲ್ಲಿ ನೆರವೇರಿಸುತ್ತದೆ. ಆದರೆ ಬೆಲೆಬಾಳುವ ಫೋನಾಗಲಿ ಇಂಟರ್‌ನೆಟ್ಟಾಗಲಿ ಇಲ್ಲದವನ ಗತಿಯೇನು?

ಯಂತ್ರಗಳು ಪರಸ್ಪರ ಮಾತಾಡುವ ಕ್ರಮಕ್ಕೆ ಪ್ರೋಟೋಕಾಲ್ ಎನ್ನುತ್ತಾರೆ. ಒಂದೇ ಸೇವೆಯನ್ನು ಇಂತಹ ಹಲವು ಕ್ರಮಗಳಿಂದ ತಲುಪುವಂತೆ ಮಾಡಬಹುದು. 2014ರಲ್ಲಿ ದೇಶಕ್ಕೆ ಅರ್ಪಿತವಾದ *99# ಇಂಟರ್‌ನೆಟ್ ಇಲ್ಲದೆ, ಮೊಬೈಲ್ ಜಾಲದ ಸಂಕೇತಮಾರ್ಗದಲ್ಲಿಯೇ ಬ್ಯಾಂಕನ್ನು ಮುಟ್ಟಿತು. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಬಿಡುಗಡೆ ಮಾಡಿದ ಯುಪಿಐ 123ಪೇ ಸಾದಾ ಫೋನಿನ ಕರೆ, ಮಿಸ್ಡ್ ಕಾಲ್, ಧ್ವನಿತರಂಗಗಳ ದಾರಿಗಳನ್ನೂ ತೆರೆಯಿತು. ಇದು ಸ್ತುತ್ಯರ್ಹವಾದ ಕಾರ್ಯವೆಂಬುದರಲ್ಲಿ ಸಂದೇಹವಿಲ್ಲ.

ಇಲ್ಲಿನ ಮರ್ಮವನ್ನು ನಮ್ಮ ಓದುಗರಿಗೆ ವಿವರಿಸಬೇಕಾದುದೇ ಇಲ್ಲ. ಗಿರಾಕಿ ಮೇಜಿನಿಂದ ಕೇಳಲಿ, ಗಲ್ಲಾದ ಬಳಿ ಕೇಳಲಿ, ಟೆಲಿಫೋನಿನಲ್ಲಿ ಹೇಳಲಿ, ಅಡುಗೆಮನೆ ಒಂದೇ, ಲೆಕ್ಕದ ಪುಸ್ತಕವೂ ಒಂದೇ. ಪ್ರತಿ ಬಾಗಿಲಿಗೂ ಬೇರೆ ಅಡುಗೆಮನೆ ಹೂಡಿದವನ ಲೆಕ್ಕ ತಾಳೆಯಾಗದು. ಟೆಲಿಫೋನು ನಡುವೆ ಕಡಿದು ಗಿರಾಕಿ ಮತ್ತೆ ಕರೆದನೆಂದು ಎರಡು ದೋಸೆ ಹುಯ್ಯುವಂತಿಲ್ಲ. ಹಿಂದಿನ ಬೇಡಿಕೆ ಏನಾಯಿತೆಂದು ಮೊದಲು ನೋಡಬೇಕು. ಹಣದ ವಿಷಯದಲ್ಲಂತೂ ಈ ಎಚ್ಚರ ಅತ್ಯಾವಶ್ಯಕ. ಸಂಪರ್ಕ ಕಡಿಯುವುದು ಬಹುತೇಕ ಬಡವನ ಬಾಗಿಲಿನಲ್ಲಿಯೇ ಅಲ್ಲವೇ? ಆದುದರಿಂದ ಪ್ರತಿಯೊಂದು ಬೇಡಿಕೆಗೂ ಒಂದು ಕ್ರಮಸಂಖ್ಯೆಯಿದ್ದು, ಅದು ಯಾವ ದಾರಿಯಿಂದ ಮರಳಿ ಬಂದರೂ ಗುರುತು ಸಿಕ್ಕಬೇಕು.

ಎಲ್ಲ ಬಾಗಿಲುಗಳ ಅಗಲವೂ ಒಂದೇ ಅಲ್ಲ. ಒಂದು ಎಸ್‌ಎಮ್‌ಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಸಿದರೆ, ಕನ್ನಡಕ್ಕೆ ದೊರೆಯುವುದು 70 ಸಂಕೇತಗಳು ಮಾತ್ರ. 'ಕ್ಷ' ಎಂಬುದೊಂದೇ ಅದರಲ್ಲಿ ಮೂರನ್ನು ನುಂಗುತ್ತದೆ! ಇಂಗ್ಲಿಷಿನಲ್ಲಿ ಬರೆದುದನ್ನು ಕನ್ನಡಿಸಿ ತುರುಕಿದರೆ ಸಂದೇಶ ತುಂಡಾಗುವುದು ಸಹಜ. ಮೊದಲೇ ಕನ್ನಡದಲ್ಲಿ ಚಿಕ್ಕದಾಗಿ ಬರೆಯುವವರನ್ನು ನಿಯಮಿಸುವುದು ಅಷ್ಟು ಕಷ್ಟವೇ?

ಮೊತ್ತದ ಮಿತಿಗೆ ಮಾತ್ರ ಕಾರಣವುಂಟು. ಸಾದಾ ಫೋನಿನ ದಾರಿಗಳಲ್ಲಿ ಗುಟ್ಟು ಕಾಯುವ ಬಲ ಕಡಿಮೆ. 123ಪೇ ಮಿತಿಯನ್ನು 5,000ದಿಂದ 10,000 ರೂಪಾಯಿಗೆ ಏರಿಸುವ ನಿರ್ಧಾರ ಪ್ರಕಟವಾದುದು 2024ರ ಅಕ್ಟೋಬರ್‌ನಲ್ಲಿ. ಈ ನಿಧಾನವನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಹಣ ನಡುದಾರಿಯಲ್ಲಿ ಸಿಕ್ಕಿಕೊಂಡಾಗ, ಸಾದಾ ಫೋನಿನಿಂದ ಕಳುಹಿಸಿದವನಿಗೆ 'ಆ್ಯಪ್‌ನಲ್ಲಿ ನೋಡಿರಿ' ಎಂಬ ಉತ್ತರ ಸಲ್ಲದು. ಅವನು ಬಂದ ಬಾಗಿಲಿನಲ್ಲಿಯೇ, ಅವನ ನುಡಿಯಲ್ಲಿಯೇ, ಅವನ ದೂರಿಗೆ ಉತ್ತರ ದೊರೆಯುವ ಏರ್ಪಾಟನ್ನು ಬ್ಯಾಂಕುಗಳು ಮಾಡಬೇಕು.