ಜ್ವರದ ಫಿಟ್ಸಿಗೆ ಮುಂಚಿತ ಮದ್ದು ಬೇಕೇ?

ಜ್ವರದಲ್ಲಿ ಮಗು ಕಣ್ಣು ಮೇಲೆ ಮಾಡಿ ಕೈಕಾಲು ಸೆಟೆದುಕೊಂಡದ್ದನ್ನು ಒಮ್ಮೆ ಕಂಡ ತಾಯಿಗೆ ಆಮೇಲಿನ ಪ್ರತಿ ನೆಗಡಿಯೂ ದಿಗಿಲೇ. "ಇನ್ನೊಂದು ಸಲ ಬರದ ಹಾಗೆ ಏನಾದರೂ ಕೊಡಿ ಡಾಕ್ಟ್ರೇ" ಎಂದು ಆಕೆ ಕೇಳದಿದ್ದರೇ ಆಶ್ಚರ್ಯ. ಕೊಡಲು ಔಷಧಗಳೂ ಇವೆ. ಆದರೂ ಬಹುಪಾಲು ಮಕ್ಕಳಿಗೆ ಅವನ್ನು ಕೊಡದಿರುವುದೇ ಸರಿ ಎಂಬುದು ನನ್ನ ವಾದ.

ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಹೀಗಾಗುತ್ತದೆ. ಅವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮತ್ತೆ ಬರುತ್ತದೆ. ಆದರೆ ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುವ ಸಾಮಾನ್ಯ ಫಿಟ್ಸು ಮಗುವಿನ ಬುದ್ಧಿಗಾಗಲಿ ಕಲಿಕೆಗಾಗಲಿ ಕುಂದು ತರುವುದಿಲ್ಲ. ಮುಂದೆ ಮೂರ್ಛೆರೋಗ ಅಂಟಿಕೊಳ್ಳುವ ಸಂಭವ ಇತರ ಮಕ್ಕಳಿಗಿಂತ ತುಸು ಹೆಚ್ಚು, ನಿಜ. ಈ ಮದ್ದುಗಳು ಅದನ್ನು ತಗ್ಗಿಸುತ್ತವೆ ಎಂಬುದಕ್ಕೆ ಮಾತ್ರ ಆಧಾರವಿಲ್ಲ. ಹಾಗಾದರೆ ನಾವು ತಡೆಯಹೊರಟಿರುವುದು ಏನನ್ನು? ಹೆಚ್ಚಾಗಿ, ಹೆತ್ತವರ ಭಯವನ್ನು. ಆ ಭಯ ಸಣ್ಣದೆನ್ನುವುದಿಲ್ಲ. ಅದಕ್ಕಾಗಿ ಮದ್ದು ಕುಡಿಯಬೇಕಾದ್ದು ಮಾತ್ರ ಮಗು.

ಫೀನೋಬಾರ್ಬಿಟಾಲನ್ನು ವರ್ಷಗಟ್ಟಲೆ ದಿನವೂ ಕುಡಿಸುತ್ತಿದ್ದ ಕಾಲವಿತ್ತು. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಎರಡು ವರ್ಷ ಅದನ್ನು ಪಡೆದ ಗುಂಪಿನ ಸರಾಸರಿ ಐಕ್ಯೂ, ಪಡೆಯದವರಿಗಿಂತ 8 ಅಂಕದಷ್ಟು ಕಡಿಮೆ ಇದ್ದುದನ್ನು ತೋರಿಸಿತು. ಫಿಟ್ಸೇನೂ ಗಮನಾರ್ಹವಾಗಿ ತಗ್ಗಿರಲಿಲ್ಲ! ವ್ಯಾಲ್ಪ್ರೊಯೇಟ್ ಎಳೆಯ ಮಕ್ಕಳಲ್ಲಿ ಅಪರೂಪಕ್ಕಾದರೂ ಯಕೃತ್ತನ್ನು ಕೆಡಿಸಿ ಜೀವಕ್ಕೇ ಕುತ್ತು ತರಬಲ್ಲದು. ಸಾಮಾನ್ಯ ಜ್ವರದ ಫಿಟ್ಸಿಗೆ ನಿತ್ಯವಾಗಲಿ, ಜ್ವರ ಬಂದಾಗ ಮಾತ್ರವಾಗಲಿ ತಡೆಮದ್ದು ಬೇಡವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2008ರಲ್ಲಿ ಹೇಳಿತು.

ನಮ್ಮಲ್ಲಿ ಜ್ವರ ಬಂದಾಗ ಎರಡು ಮೂರು ದಿನ ಕ್ಲೋಬಜಾಮ್ ಕೊಡುವ ರೂಢಿ ಇದೆ. ಡಯಾಜೆಪಾಮಿನಂತೆ ಇದೂ ಫಿಟ್ಸನ್ನು ಒಂದಿಷ್ಟು ತಗ್ಗಿಸಬಹುದು. ಆದರೆ ಎಷ್ಟೋ ಸಲ ಜ್ವರ ಇದೆಯೆಂದು ಗೊತ್ತಾಗುವುದೇ ಫಿಟ್ಸು ಬಂದ ಮೇಲೆ. ಮದ್ದಿನಿಂದ ಮಂಕಾಗಿ ತೂರಾಡುವ ಮಗುವಿನಲ್ಲಿ ಮೆದುಳುಪೊರೆಯ ಸೋಂಕಿನ ಲಕ್ಷಣ ಗುರುತಿಸುವುದೂ ಕಷ್ಟ. ಪ್ಯಾರಾಸಿಟಮಾಲ್ ಮೈಕೈ ನೋವಿಗೆ ಹಿತ, ಫಿಟ್ಸನ್ನು ತಡೆಯುತ್ತದೆಂದು ನಂಬುವಂತಿಲ್ಲ.

ಹಿಂದೊಮ್ಮೆ ಫಿಟ್ಸು ದೀರ್ಘವಾಗಿ ಬಂದಿದ್ದ, ಆಸ್ಪತ್ರೆ ದೂರವಿರುವ ಮಲೆನಾಡಿನ ಒಂಟಿಮನೆಯ ಮಗುವಿನ ಮಾತು ಬೇರೆ. ಅಲ್ಲಿ ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಇಟ್ಟುಕೊಳ್ಳುವುದು ವಿವೇಕ. ಐದು ನಿಮಿಷ ದಾಟಿದರೆ, ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ. ಉಳಿದವರಿಗೆ ಬೇಕಾದ್ದು ಮಗುವನ್ನು ಪಕ್ಕಕ್ಕೆ ಮಲಗಿಸುವುದು, ಬಾಯಿಗೆ ಏನೂ ತುರುಕದಿರುವುದು, ಕೈಗೆ ಕಬ್ಬಿಣ ಹಿಡಿಸುವ ಬದಲು ಗಡಿಯಾರ ನೋಡುವುದು. ಇದನ್ನು ಹೇಳಿಕೊಡಲು ಹತ್ತು ನಿಮಿಷ ಬೇಕು. ಕಿಕ್ಕಿರಿದ ಓಪಿಡಿಯಲ್ಲಿ ಕ್ಲೋಬಜಾಮ್ ಚೀಟಿ ಗೆಲ್ಲುವುದು ಅಲ್ಲೇ.