ಗೋಡೆ ದಾಟುವ ತರಂಗಕ್ಕೊಂದು ಬೀಗ

ಕಾಚಿಗುಡ, ಬರ್ಕತ್‌ಪುರ, ಕೂಕಟ್‌ಪಲ್ಲಿಗಳ ಅಪಾರ್ಟ್‌ಮೆಂಟುಗಳಲ್ಲಿ ಒಂದು ಮನೆಯ ಸಾರಿನ ಒಗ್ಗರಣೆ ನಾಲ್ಕು ಮನೆಗಳಿಗೆ ತಿಳಿಯುತ್ತದೆ. ವೈಫೈ ತರಂಗಗಳೂ ಹಾಗೆಯೇ, ಗೋಡೆಗೆ ನಿಲ್ಲುವುದಿಲ್ಲ. ಒಗ್ಗರಣೆಯ ಘಮದಿಂದ ಯಾರಿಗೂ ತೊಂದರೆಯಿಲ್ಲ. ವೈಫೈ ಮಾತು ಬೇರೆ, ಏಕೆಂದರೆ ಸಂಪರ್ಕ ಇರುವುದು ನಿಮ್ಮ ಹೆಸರಿನಲ್ಲಿ.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾಗುವ ಕೆಲವೇ ನಿಮಿಷ ಮೊದಲು ಸುದ್ದಿವಾಹಿನಿಗಳಿಗೆ ಒಂದು ಬೆದರಿಕೆಯ ಇ-ಮೇಲ್ ಬಂದಿತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬಯಿಯ ಸಾನ್‌ಪಾಡಾದಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ. ಅವರ ವೈಫೈಗೆ ಬೀಗವಿರಲಿಲ್ಲ. ಯಾರೋ ಅದನ್ನು ಬಳಸಿಕೊಂಡಿದ್ದರು. ಮನೆಯಲ್ಲಿ ಹತ್ತು ಫೋನುಗಳಿರಲಿ, ಹೊರಜಗತ್ತಿಗೆ ಸಾಮಾನ್ಯವಾಗಿ ಕಾಣುವುದು ಆ ಸಂಪರ್ಕದ ಒಂದೇ ಸಂಖ್ಯೆ. ಪಾಪ, ವಿಚಾರಣೆ ಎದುರಿಸಬೇಕಾದವರು ಅವರು. 2009ರ ಫೆಬ್ರವರಿಯಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ವೈಫೈ ಭದ್ರತೆಯ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು.

“ನಮ್ಮದಕ್ಕೆ ಪಾಸ್‌ವರ್ಡ್ ಇದೆಯಲ್ಲ” ಎನ್ನುವಿರಿ. ಏನಿದೆ ಎಂಬುದೇ ಪ್ರಶ್ನೆ. ರೂಟರ್ ಕೂರಿಸಲು ಬಂದ ಹುಡುಗ “ಮೊಬೈಲ್ ನಂಬರೇ ಇಟ್ಟುಬಿಡಲಾ ಅಂಕಲ್?” ಎಂದು ಕೇಳುತ್ತಾನೆ, ನಾವು ತಲೆಯಾಡಿಸುತ್ತೇವೆ. ಟೆಲ್ ಅವೀವ್ ನಗರದವರೂ ಹೀಗೆಯೇ. 2021ರಲ್ಲಿ ಸಂಶೋಧಕನೊಬ್ಬ ಅಲ್ಲಿ 5,000 ವೈಫೈಗಳನ್ನು ಪರೀಕ್ಷಿಸಿ ಶೇ. 70ರಷ್ಟನ್ನು ಬಿಡಿಸಿದ, ಅವುಗಳಲ್ಲಿ ಬಹಳಷ್ಟು ಮೊಬೈಲ್ ಸಂಖ್ಯೆಗಳೇ!

ಇದು ಹೇಗೆ ಸಾಧ್ಯ? ಫೋನು ರೂಟರಿಗೆ ಸೇರುವಾಗ ತನಗೆ ಪಾಸ್‌ವರ್ಡ್ ಗೊತ್ತೆಂಬುದಕ್ಕೆ ಗಾಳಿಯಲ್ಲೇ ಒಂದು ಸಾಕ್ಷ್ಯ ಕೊಡುತ್ತದೆ. ಪಕ್ಕದಲ್ಲಿ ಕುಳಿತವನು ಅದನ್ನು ಹಿಡಿದಿಟ್ಟುಕೊಂಡು ಮನೆಗೆ ಹೋಗಿ, ಒಂದೊಂದೇ ಪದ ಹಾಕಿ ತಾಳೆ ನೋಡಬಹುದು. ರೂಟರಿಗೆ ಸುಳಿವೇ ಇರುವುದಿಲ್ಲ. ನಮ್ಮ ಮೊಬೈಲ್ ಸಂಖ್ಯೆಗಳು 6ರಿಂದ 9ರವರೆಗಿನ ಅಂಕಿಗಳಿಂದ ಆರಂಭವಾಗುತ್ತವೆ, ಹಾಗಾಗಿ ಒಟ್ಟು ಸಾಧ್ಯತೆ 400 ಕೋಟಿ. ಅಬ್ಬಾ ಎನಿಸಬಹುದು. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷ ತಾಳೆ ನೋಡಬಲ್ಲದು. ಲೆಕ್ಕ ಹಾಕಿದರೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಆದ್ದರಿಂದ ಪಾಸ್‌ವರ್ಡ್ ಉದ್ದವಾಗಿರಲಿ. 63 ಅಕ್ಷರಗಳವರೆಗೆ ಅವಕಾಶವಿದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಸೇರಿಸಿ ಬರೆಯಿರಿ: ಹಾಗಲಕಾಯಿ, ಕಂಬಳಿ, ಅಂಚೆ, ತೇರು, ಹೀಗೆ. (ಇವೇ ನಾಲ್ಕನ್ನು ಇಡಬೇಡಿ, ಪತ್ರಿಕೆ ಎಲ್ಲರ ಮನೆಗೂ ಬರುತ್ತದೆ.)

ರೂಟರಿನ ತಳದ ಚೀಟಿಯಲ್ಲಿ ಅದರ ವಿಳಾಸವಿರುತ್ತದೆ, ಹಲವು ಕಡೆ 192.168.1.1. ಬ್ರೌಸರಿನಲ್ಲಿ ಅದನ್ನು ತೆರೆದರೆ ಎಲ್ಲವನ್ನೂ ಬದಲಿಸಬಹುದು. ಆ ಪುಟಕ್ಕೂ ಬೇರೆಯೇ ಪಾಸ್‌ವರ್ಡ್ ಉಂಟು. ಕಂಪನಿ ಕೊಟ್ಟ ‘ಅಡ್ಮಿನ್’ ಎಂಬುದನ್ನೇ ಬಿಟ್ಟರೆ ಮುಂಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಕಿಟಕಿಯಲ್ಲಿಟ್ಟಂತೆ. ಭದ್ರತೆಯ ಬಗೆಯಲ್ಲಿ ಡಬ್ಲ್ಯೂಪಿಎ3 ಇದ್ದರೆ ಅದು, ಇಲ್ಲವಾದರೆ ಡಬ್ಲ್ಯೂಪಿಎ2. ಹಳೆಯ ವೆಪ್ ಬೇಡವೇ ಬೇಡ, ಅದರ ದೌರ್ಬಲ್ಯ 2001ರಲ್ಲೇ ಬಯಲಾಯಿತು. ಗುಂಡಿ ಒತ್ತಿ ಜೋಡಿಸುವ ಡಬ್ಲ್ಯೂಪಿಎಸ್ ಸೌಲಭ್ಯವನ್ನೂ ಆರಿಸಿಬಿಡಿ. ವೈಫೈ ಹೆಸರನ್ನು ಮರೆಮಾಡಿದರೆ ಸಾಕೆಂದು ಕೆಲವರು ನಂಬಿದ್ದಾರೆ. ಹುಡುಕುವವನಿಗೆ ಅದು ಅಡ್ಡಿಯೇ ಅಲ್ಲ.

ಹಬ್ಬಕ್ಕೆ ಊರಿನಿಂದ ಬಂದ ನೆಂಟರು ಚಪ್ಪಲಿ ಬಿಡುವ ಮೊದಲೇ ಪಾಸ್‌ವರ್ಡ್ ಕೇಳುತ್ತಾರೆ, ಇಲ್ಲವೆನ್ನಲಾಗದು. ಅವರಿಗಾಗಿಯೇ ಹೆಚ್ಚಿನ ರೂಟರುಗಳಲ್ಲಿ ‘ಗೆಸ್ಟ್’ ಎಂಬ ಪ್ರತ್ಯೇಕ ವೈಫೈ ಇದೆ. ಅದನ್ನು ಕೊಡಿ, ಅವರು ಬಸ್ಸು ಹತ್ತಿದ ಮೇಲೆ ಆರಿಸಿ.