ರುಜುವಾತಿನ ಹೊಣೆ ಯಾರದು?

ಏಳು ವರ್ಷ ಸುದ್ದಿಯೇ ಇಲ್ಲದವನು ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತುಪಡಿಸಬೇಕು. 1872ರ ಸಾಕ್ಷ್ಯ ಅಧಿನಿಯಮದ 108ನೆಯ ಕಲಮಿನ ತಾತ್ಪರ್ಯವಿದು. 2024ರ ಜುಲೈಯಲ್ಲಿ ಹೊಸ ಕಾಯಿದೆ ಜಾರಿಗೆ ಬಂದ ಮೇಲೂ ಈ ನಿಯಮ ಉಳಿದಿದೆ. ಆಸ್ತಿ, ವಿಮೆಯಂಥ ಸಂಸಾರದ ತೊಡಕುಗಳಿಗೆ ಇದು ವಿವೇಕದ ಪರಿಹಾರವೇ ಸರಿ. ಆದರೆ ಶತ್ರುದೇಶದಲ್ಲಿ ಸೆರೆಯಾದನೆಂದು ನಂಬಲಾದ ಯೋಧನ ಮಡದಿಗೂ ಇದೇ ನ್ಯಾಯವೆ? ಸೆರೆಮನೆಯ ಬೀಗದ ಕೈ ಒಂದು ಸರ್ಕಾರದ ಬಳಿ, ಕಡತದ ಬೀಗದ ಕೈ ಇನ್ನೊಂದು ಸರ್ಕಾರದ ಬಳಿ. ರುಜುವಾತಿನ ಹೊಣೆ ಮಾತ್ರ ಆಕೆಯದು.

ದಮಯಂತಿ ತಾಂಬೆ ಬ್ಯಾಡ್ಮಿಂಟನ್ನಿನಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಪತಿ ಫ್ಲೈಟ್ ಲೆಫ್ಟಿನೆಂಟ್ ವಿಜಯ್ ವಸಂತ್ ತಾಂಬೆ 1971ರ ಡಿಸೆಂಬರಿನ ಯುದ್ಧದಲ್ಲಿ ಪಾಕಿಸ್ತಾನದ ಮೇಲೆ ಹಾರಿಹೋದವರು ಮರಳಲಿಲ್ಲ. ಮದುವೆಯಾಗಿ ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಸೆರೆಸಿಕ್ಕ ವೈಮಾನಿಕರ ಹೆಸರುಗಳ ನಡುವೆ ಆ ದಿನಗಳ ಪಾಕಿಸ್ತಾನಿ ಪತ್ರಿಕೆಯೊಂದು 'ಟೊಂಬೆ' ಎಂಬ ಹೆಸರನ್ನೂ ಅಚ್ಚು ಮಾಡಿತ್ತು. ಆಕೆಯ ಕೈಗೆ ಸಿಕ್ಕ ಸಾಕ್ಷ್ಯವೆಂದರೆ ಇಂಥವೇ. ಇಂಥದೇ ಇನ್ನೊಂದು, ಕಂಬಿಗಳ ಹಿಂದೆ ನಿಂತ ಸೈನಿಕನ ಚಿತ್ರ, ಅದೇ ಡಿಸೆಂಬರಿನ 'ಟೈಮ್' ವಾರಪತ್ರಿಕೆಯಲ್ಲಿ ಬಂದಿತು. ಅವರು ಮೇಜರ್ ಎ. ಕೆ. ಘೋಷ್ ಎಂದು ಮನೆಯವರು ಗುರುತಿಸಿದರು. 2007ರಲ್ಲಿ 14 ಮಂದಿ ಬಂಧುಗಳ ತಂಡ ಪಾಕಿಸ್ತಾನದ ಹಲವು ಸೆರೆಮನೆಗಳನ್ನು ನೋಡಿ ಬರಿಗೈಯಲ್ಲಿ ಮರಳಿತು.

ಮೂರು ದಶಕ ಕೇಂದ್ರ ಸರ್ಕಾರದ ಕಡತಗಳ ನಡುವೆ ಬಾಳಿದ ನನಗೆ ಇಲ್ಲಿ ಕಣ್ಣಿಗೆ ರಾಚುವುದು ಒಂದು ವೈಚಿತ್ರ್ಯ. 1979ರಲ್ಲಿ ಸರ್ಕಾರವೇ ಇಂಥವರ ಪಟ್ಟಿಯನ್ನು ಸಂಸತ್ತಿನ ಮುಂದಿಟ್ಟಿತು. 54 ಯುದ್ಧಕೈದಿಗಳು ಪಾಕಿಸ್ತಾನದ ವಶದಲ್ಲಿದ್ದಾರೆಂದು ನಂಬಲಾಗಿದೆ ಎಂಬ ಉತ್ತರ ಮುಂದೆಯೂ ಪುನಃಪುನಃ ಬಂದಿದೆ. ಪಾಕಿಸ್ತಾನ ಇದನ್ನು ಒಪ್ಪಿಲ್ಲ. ಪಿಂಚಣಿಯ ಕಡತವಾದರೋ ಮೃತನೆಂದು ಭಾವಿಸಿಯೇ ಮುಂದೆ ಸರಿಯಬೇಕು. ವಿದೇಶಾಂಗದ ಕಾಗದದಲ್ಲಿ ಜೀವಂತ, ಲೆಕ್ಕಪತ್ರದಲ್ಲಿ ಮೃತ! ಎರಡಕ್ಕೂ ಸಹಿ ಹಾಕಿದ ಅಧಿಕಾರಿಗಳು ನಿಯಮದಂತೆಯೇ ನಡೆದವರು, ಅದರಲ್ಲಿ ನನಗೆ ಅನುಮಾನವಿಲ್ಲ. ಈ ಎರಡರ ನಡುವೆ ನಿಂತ ಹೆಣ್ಣನ್ನು ಹಟಮಾರಿ ಎನ್ನುವುದು ಮಾತ್ರ ನನ್ನಿಂದಾಗದು.

1949ರ ಜಿನೀವಾ ಒಪ್ಪಂದ ಈ ಹೊಣೆಯನ್ನು ಸೆರೆಹಿಡಿದವರ ಮೇಲೆಯೇ ಹೊರಿಸಿದೆ. ಕೈದಿಯು ಶಿಬಿರ ಸೇರಿದ ಒಂದು ವಾರದೊಳಗೆ ಮನೆಗೆ ಕಾರ್ಡು ಬರೆಯಲು ಅವಕಾಶವಾಗಬೇಕು. ಕದನ ನಿಂತೊಡನೆ ತಡಮಾಡದೆ ಬಿಡುಗಡೆಯಾಗಬೇಕು. 1965ರಲ್ಲಿ ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರ ಮಗ ಸೆರೆಯಾದ ಸುದ್ದಿ ಬೇಗನೆ ಹೊರಬಿತ್ತು. ಎಲ್ಲ ಕೈದಿಗಳನ್ನೂ ತನ್ನ ಮಗನಂತೆಯೇ ಕಾಣಿರೆಂದು ಆ ತಂದೆ ಉತ್ತರವಿತ್ತದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮಗ ಕೆಲವೇ ತಿಂಗಳಲ್ಲಿ ಮರಳಿದರು. ಸೆರೆಹಿಡಿದವರು ಹೆಸರನ್ನೇ ಹೇಳದಿದ್ದರೆ, ಎಂಥ ಉದಾತ್ತ ಉತ್ತರಕ್ಕೂ ಎಡೆಯೆಲ್ಲಿ?

ಹೆಂಡಿರು ಸುಮ್ಮನಿದ್ದರೆ ಗಂಡಂದಿರಿಗೆ ಕ್ಷೇಮವೆಂಬ ಉಪದೇಶ ಅಮೆರಿಕದಲ್ಲಿಯೂ ಇತ್ತು. 1965ರ ಸೆಪ್ಟೆಂಬರಿನಲ್ಲಿ ವಿಯೆಟ್ನಾಮಿನಲ್ಲಿ ಸೆರೆಯಾದ ನೌಕಾಪಡೆಯ ವೈಮಾನಿಕ ಜೇಮ್ಸ್ ಸ್ಟಾಕ್‌ಡೇಲ್‌ರ ಪತ್ನಿ ಸಿಬಿಲ್ ಮೂರು ವರ್ಷ ಅದನ್ನು ಪಾಲಿಸಿದರು. 1968ರಲ್ಲಿ ಪತ್ರಿಕೆಗಳಿಗೆ ಎಲ್ಲವನ್ನೂ ಹೇಳಿದರು. ಮರುವರ್ಷ ಪ್ಯಾರಿಸಿಗೆ ಹೋಗಿ ಉತ್ತರ ವಿಯೆಟ್ನಾಮಿನ ಪ್ರತಿನಿಧಿಗಳ ಎದುರೇ ಕುಳಿತರು; ಕೈದಿಗಳ ಕುಟುಂಬಗಳನ್ನು ರಾಷ್ಟ್ರಮಟ್ಟದ ಸಂಸ್ಥೆಯಾಗಿ ಕಟ್ಟಿದರು. ಪತಿ 1973ರಲ್ಲಿ ಮನೆಗೆ ಬಂದರು. ಆ ಚಳವಳಿಯನ್ನು ರಾಜಕಾರಣಿಗಳು ತಮ್ಮ ಲಾಭಕ್ಕೆ ಬಳಸಿಕೊಂಡದ್ದೂ ಉಂಟು. ಅದು ಆಕೆಯ ತಪ್ಪಲ್ಲ. ನಮ್ಮಲ್ಲಿಯಾದರೋ ಸುಮಾರು 93,000 ಮಂದಿಯನ್ನು ಪಾಕಿಸ್ತಾನಕ್ಕೆ ಮರಳಿಸುವ ಮಹಾಕಾರ್ಯ 1974ರ ಹೊತ್ತಿಗೆ ಮುಗಿದೇಹೋಯಿತು. ಆ ಹೊತ್ತಿಗೆ ನಮ್ಮ ಪಟ್ಟಿಯನ್ನು ಗಟ್ಟಿಯಾಗಿ ಕೇಳಬೇಕಿತ್ತೆಂಬುದು ನನ್ನ ಅಭಿಪ್ರಾಯ.

ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿರೆಂದು ಗುಜರಾತ್ ಉಚ್ಚ ನ್ಯಾಯಾಲಯ 2011ರಲ್ಲಿ ಕೇಂದ್ರಕ್ಕೆ ಆದೇಶಿಸಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ಅದಕ್ಕೆ ತಡೆ ಬಿತ್ತು. ಅಷ್ಟು ದೂರ ಹೋಗುವುದು ಬೇಡವೆಂದೇ ಇಟ್ಟುಕೊಳ್ಳೋಣ. ಯಾವ ವರ್ಷ ಯಾವ ಸುಳಿವು ಬಂತು, ನಾವು ಏನು ಕೇಳಿದೆವು, ಅವರು ಏನು ಹೇಳಿದರು ಎಂಬುದನ್ನು ಒಬ್ಬೊಬ್ಬ ಯೋಧನ ಹೆಸರಿನಡಿ ಬರೆದು ಸಹಿ ಮಾಡಿ ಆ ಮನೆಗೆ ಕೊಡಲು ಪಾಕಿಸ್ತಾನದ ಒಪ್ಪಿಗೆ ಬೇಕಿಲ್ಲ. ದಿಲ್ಲಿಯ ಎರಡು ಮಂತ್ರಾಲಯಗಳು ಜೊತೆಗೆ ಕುಳಿತರೆ ಸಾಕು. 1971ರಲ್ಲಿ ಇಪ್ಪತ್ತೈದರ ಆಸುಪಾಸಿನಲ್ಲಿದ್ದ ಮಡದಿಗೆ ಈಗ ಎಂಬತ್ತು. ಆ ಕಾಗದವನ್ನು ಆಕೆ ತಾನೇ ಓದುವಂತಾಗಬೇಕು.